ಗೋಡೆಯ ಮೇಲೆ ನಡೆಯುವವರು

“ಏಣಿಯವನು ಬಂದ,” ಎಂದರು ಅಜ್ಜಿ.

ಹುಡುಗಿ ಪೇಪರ್ ಓದುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಅಜ್ಜಿ ಮಂಚದ ಮೇಲೆ ದಿಂಬಿಗೆ ಒರಗಿಕೊಂಡು ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಅವಳಿಗೆ ಅಲ್ಲಿ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಅಜ್ಜಿಯ ತಲೆಯ ಹಿಂದಿನ ಕಿಟಕಿಗೆ ಮರದ ಬಾಗಿಲು ಮುಚ್ಚಿತ್ತು. ಕೋಣೆಯಲ್ಲಿ ಇದ್ದ ಬೆಳಕೆಂದರೆ ಪೇಪರಿನ ಮೇಲೆ ಅವಳು ಹಿಡಿದಿದ್ದ ಪುಟ್ಟ ಟಾರ್ಚಿನದು ಮಾತ್ರ.

“ಇವತ್ತು ಏಣಿ ಎಡಗಡೆ ಹೆಗಲ ಮೇಲಿದೆ,” ಎಂದು ಅಜ್ಜಿ ಮೆಲ್ಲಗೆ ಸೇರಿಸಿದರು.

ಹುಡುಗಿ ಬೇಗಬೇಗ ನೋಟ್‌ಬುಕ್ ತೆಗೆದು ಬರೆದಳು. ‘ನಾಲ್ಕು ಗಂಟೆ ಹತ್ತು ನಿಮಿಷ. ಏಣಿಯವನು ಬಂದ ಎಂದರು. ಕೋಣೆಯಲ್ಲಿ ಯಾರೂ ಇಲ್ಲ.’

ಆಚೆ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಅಜ್ಜಿಯ ಮಗಳು ಟೈಲರ್. ಅಜ್ಜಿ ಹೀಗೆ ಮಾತಾಡಿದಾಗೆಲ್ಲ ಮಗಳ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತುಬಿಡುತ್ತಿತ್ತು.

ಎಂಟನೇ ಕ್ಲಾಸಿನ ಮಕ್ಕಳೆಲ್ಲ ಆ ವರ್ಷ ಇಪ್ಪತ್ತು ಗಂಟೆ ಸಮಾಜಸೇವೆ ಮಾಡಬೇಕಿತ್ತು. ಕೆಲವರಿಗೆ ಪಾರ್ಕಿನ ಕಸ, ಕೆಲವರಿಗೆ ಲೈಬ್ರರಿಯ ಧೂಳು ಸಿಕ್ಕಿತು. ಇವಳಿಗೆ ಸಿಕ್ಕಿದ್ದು ಸೊಂಟದ ಮೂಳೆ ಮುರಿದು, ಕಣ್ಣಿನ ಆಪರೇಷನ್ನೂ ಆಗಿ, ಬೆಳಕು ಚುಚ್ಚುತ್ತದೆ ಎಂದು ಕತ್ತಲಲ್ಲಿ ಮಲಗಿದ್ದ ಅಜ್ಜಿಗೆ ಪೇಪರ್ ಓದಿ ಹೇಳುವ ಕೆಲಸ.

ನಿಜವಾಗಿ ಅದು ಮೊದಲು ಅವಳ ಬೆಂಚಿನ ಹುಡುಗನ ಪಾಲಿಗೆ ಬಂದಿತ್ತು. ಹೆದರಿದರೆ ಬಿಕ್ಕಳಿಸುತ್ತಾನೆ ಎಂದು ಎಲ್ಲರೂ ಅವನನ್ನು ಬಿಕ್ಕಳಿಕೆ ಎಂದೇ ಕರೆಯುತ್ತಿದ್ದರು. ಅವನು ಒಂದೇ ದಿನ ಹೋದದ್ದು. ಬಾಗಿಲು ತಟ್ಟಲು ಕೈ ಎತ್ತಿದ್ದನಂತೆ, ಮುಚ್ಚಿದ ಕಿಟಕಿಯ ಹಿಂದಿನಿಂದ ಒಂದು ಸಣ್ಣ ದನಿ, ‘ಬ್ಯಾಗಿನ ಜಿಪ್ ಹಾಕ್ಕೋ ಮಗು, ಪುಸ್ತಕ ಬೀಳುತ್ತೆ’ ಎಂದಿತಂತೆ. ಬಿಕ್ಕಳಿಕೆ ಪುಸ್ತಕಗಳನ್ನು ದಾರಿಯುದ್ದಕ್ಕೂ ಬೀಳಿಸಿಕೊಂಡೇ ಸ್ಕೂಲಿನವರೆಗೆ ಓಡಿದ್ದ.

ಹುಡುಗಿಗೆ ಅಂಥದ್ದರಲ್ಲಿ ನಂಬಿಕೆ ಇರಲಿಲ್ಲ. ಸಣಕಲಿ, ಯಾವಾಗಲೂ ಬರೆಯುತ್ತಾಳೆ ಎಂದು ಅವಳಿಗೆ ಪೆನ್ಸಿಲ್ ಎಂಬ ಹೆಸರು ಬಿದ್ದಿತ್ತು. ವಿಜ್ಞಾನದ ಮೇಷ್ಟ್ರು ಒಮ್ಮೆ, ಕಂಡದ್ದನ್ನು ಬರಿ, ಕೇಳಿದ್ದನ್ನು ಬರಿ, ಅನ್ನಿಸಿದ್ದನ್ನು ಬರೀಬೇಡ ಎಂದಿದ್ದರು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹನ್ನೊಂದು ಪುಟ ತುಂಬಿತ್ತು. ಅಕ್ಷರ ಮುತ್ತಿನಂತಿತ್ತು.

ಆ ದಿನ ಅವಳು ಹೊರಟಾಗ ಟೈಲರ್ ಆಂಟಿ ಬಾಗಿಲ ಬಳಿ ತಡೆದರು. ಕೊರಳಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಪಿನ್ನು. ಪಿನ್ನುಗಳನ್ನು ತೆಗೆದು ತೋಳಿಗೆ ಚುಚ್ಚಿಕೊಂಡು, ಶನಿವಾರ ಡಾಕ್ಟರ್ ಬರುತ್ತಾರೆ, ನಿನ್ನ ನೋಟ್‌ಬುಕ್ ಅವರಿಗೆ ತೋರಿಸಬೇಕು ಎಂದರು.

“ಅಮ್ಮನಿಗೆ ತಲೆ ಸರಿ ಇಲ್ಲ ಅಂತ ಅವರು ಲೆಟರ್ ಕೊಟ್ಟರೆ ಆರೈಕೆ ಕೇಂದ್ರದಲ್ಲಿ ಸೇರಿಸ್ಕೋತಾರೆ. ನನಗೆ ಈ ಮನೇಲಿ ಅವಳ ಜೊತೆ ಒಬ್ಬಳೇ ಇರೋಕೆ ಭಯ ಆಗ್ತಿದೆ ಪುಟ್ಟಿ. ನಾನು ಬಾಗಿಲು ತಟ್ಟೋ ಮೊದಲೇ ಅವಳಿಗೆ ನಾನು ಬರ್ತಿರೋದು ಗೊತ್ತಾಗುತ್ತೆ. ನನ್ನ ಮಾತು ಡಾಕ್ಟರ್ ನಂಬಲ್ಲ. ನೀನು ಟೈಮ್ ಹಾಕಿ ಬರೆದಿದ್ದೀಯಲ್ಲ, ಅದನ್ನ ನಂಬ್ತಾರೆ.”

ಹುಡುಗಿ ದಾರಿಯುದ್ದಕ್ಕೂ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಡೆದಳು. ಅದು ಇದ್ದಕ್ಕಿದ್ದಂತೆ ಭಾರವಾದಂತಿತ್ತು.

ಗುರುವಾರ ಅವಳು ಮತ್ತೆ ಹೋದಳು. ಪೇಪರಿನ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಟಾರ್ಚು ಹಳದಿಯಾಗಿ, ಕೆಂಪಾಗಿ, ಸತ್ತೇ ಹೋಯಿತು. ಬಾಗಿಲು ತೆರೆಯಲು ಎದ್ದಳು.

“ಬಾಗಿಲು ತೆಗೀಬೇಡ,” ಎಂದರು ಅಜ್ಜಿ. “ಕೂತ್ಕೋ. ಬರ್ತಾರೆ.”

ಅವಳು ಕೂತಳು. ಮಿಷನ್ನು ಆಚೆ ಟಕಟಕ ಎನ್ನುತ್ತಿತ್ತು. ಒಂದು ನಿಮಿಷವೋ ಐದು ನಿಮಿಷವೋ ಕಳೆಯಿತು. ಕತ್ತಲೆಯಲ್ಲಿ ಅಜ್ಜಿ ತಮ್ಮ ಪಾಡಿಗೆ ಮಾತಾಡುತ್ತಿದ್ದರು.

“ನೀನೂ ದಿನಾ ಬರ್ತೀಯ. ಬೀಗದ ಅಂಗಡಿ ಮುಂದೆ ನಿಂತ್ಕೋತೀಯ. ವಾಪಸ್ ಹೋಗಿಬಿಡೋಣ ಅಂತ ಒಂದು ಹೆಜ್ಜೆ ಹಿಂದೆ ಇಡ್ತೀಯ. ಆಮೇಲೆ ಬ್ಯಾಗ್ ಸರಿ ಮಾಡ್ಕೊಂಡು ರಸ್ತೆ ದಾಟ್ತೀಯ.”

ಅದು ನಿಜ. ಪ್ರತಿ ಸಲವೂ ನಿಜ. ಅದನ್ನು ಹುಡುಗಿ ಯಾರಿಗೂ ಹೇಳಿರಲಿಲ್ಲ, ನೋಟ್‌ಬುಕ್ಕಿಗೂ.

ಆಗ ಗೋಡೆಯ ಮೇಲೆ ಏನೋ ಅಲುಗಾಡಿತು.

ಮೊದಲು ಅದು ಬರೀ ಮಬ್ಬು. ಆಮೇಲೆ ಮಬ್ಬಿಗೆ ಕಾಲು ಬಂತು. ಗೋಡೆಯ ಮೇಲ್ಭಾಗದಲ್ಲಿ ಒಂದು ಜೊತೆ ಕಾಲು, ಅದರ ಕೆಳಗೆ ನೇತಾಡುವ ಮೈ, ಮೈಯ ಕೆಳಗೆ ತಲೆ. ಬಾವಲಿಯಂತೆ ತೂಗುತ್ತ ಒಬ್ಬ ಹೆಂಗಸು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಯಾವ ಅವಸರವೂ ಇಲ್ಲದೆ, ಸದ್ದಿಲ್ಲದೆ ನಡೆದುಹೋದಳು. ಅವಳ ಹಿಂದೆ ಒಂದು ಮಗು.

ಹುಡುಗಿ ಬಾಗಿಲು ದಬ್ಬಿಕೊಂಡು, ಮಿಷನ್ನು ದಾಟಿ, ಬೀದಿ ದಾಟಿ ಓಡಿದಳು. ಮನೆಗೆ ಹೋಗಿ ಕೈಕಾಲು ತೊಳೆದು ನೋಟ್‌ಬುಕ್ ತೆರೆದಳು. ‘ಗುರುವಾರ’ ಎಂದು ಬರೆದಳು. ಪೆನ್ಸಿಲ್ ಮುಂದೆ ಹೋಗಲಿಲ್ಲ. ಇದನ್ನು ಬರೆದರೆ ಡಾಕ್ಟರು ಇಬ್ಬರಿಗೆ ಲೆಟರ್ ಕೊಡಬೇಕಾಗುತ್ತದೆ ಎಂದುಕೊಂಡಳು. ಪುಟ ಖಾಲಿ ಉಳಿಯಿತು.

ಶುಕ್ರವಾರ ವಿಜ್ಞಾನದ ಮೇಷ್ಟ್ರು ಒಂದು ಶೂ ಡಬ್ಬಿ ತಂದರು. ಅದರ ಒಂದು ಬದಿಗೆ ಸೂಜಿಯ ತೂತು, ಇನ್ನೊಂದು ಬದಿಗೆ ಎಣ್ಣೆ ಸವರಿದ ಕಾಗದ. ಕಿಟಕಿಗಳನ್ನೆಲ್ಲ ಮುಚ್ಚಿಸಿ, ತೂತಿನ ಮುಂದೆ ಮೇಣದಬತ್ತಿ ಹಚ್ಚಿಟ್ಟು, ಒಬ್ಬೊಬ್ಬರನ್ನೇ ಕರೆದು ಕಾಗದ ನೋಡಿ ಎಂದರು.

“ಸರ್, ಇದು ತಲೆ ಮೇಲೆ ನಿಂತಿದೆ,” ಎಂದ ಬಿಕ್ಕಳಿಕೆ. ಕ್ಲಾಸು ನಕ್ಕಿತು.

ಬೆಳಕು ನೆಟ್ಟಗೆ ಹೋಗುತ್ತದೆ, ಅದಕ್ಕೆ ಬಾಗಲು ಬರುವುದಿಲ್ಲ, ಮೇಲಿಂದ ಬಂದದ್ದು ತೂತಿನಲ್ಲಿ ತೂರಿ ಕೆಳಕ್ಕೆ ಹೋಗಿ ಬೀಳುತ್ತದೆ, ಕೆಳಗಿನದು ಮೇಲಕ್ಕೆ, ಎಂದು ಮೇಷ್ಟ್ರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಹುಡುಗಿ ಮಾತ್ರ ಡಬ್ಬಿಯ ಮುಂದಿನಿಂದ ಕದಲಲಿಲ್ಲ.

“ಸರ್, ಡಬ್ಬಿ ದೊಡ್ಡದಾದರೆ?”

“ಚಿತ್ರವೂ ದೊಡ್ಡದು.”

“ಒಂದು ರೂಮಿನಷ್ಟು?”

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. “ಹೊರಗೆ ಬಿಸಿಲು, ಒಳಗೆ ಗಾಢ ಕತ್ತಲೆ ಇರಬೇಕು. ಸುಮ್ಮನೆ ಕೂತು ಕಾಯಬೇಕು. ಕೈಯಲ್ಲಿ ಒಂದು ಸಣ್ಣ ದೀಪ ಇದ್ದರೂ ಕಣ್ಣು ಅದಕ್ಕೇ ಅಂಟಿಕೊಳ್ಳುತ್ತೆ, ಗೋಡೆ ಖಾಲಿ ಅನ್ನಿಸುತ್ತೆ.”

ಅವಳು ತನ್ನ ಜಾಗಕ್ಕೆ ಬಂದು ನೋಟ್‌ಬುಕ್ ತಿರುವಿದಳು. ಹನ್ನೊಂದು ಪುಟ. ಸಮಯ ಇತ್ತು, ತಾರೀಕು ಇತ್ತು. ತನ್ನ ಕೈಯಲ್ಲಿ ಟಾರ್ಚು ಇತ್ತು ಎಂದು ಒಂದು ಕಡೆಯೂ ಇರಲಿಲ್ಲ.

ಶನಿವಾರ ಮೂರೂವರೆಗೇ ಅವಳು ಹೋದಳು. ಟೈಲರ್ ಆಂಟಿ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತ ಕೂತಿದ್ದರು. ನೋಟ್‌ಬುಕ್ಕಿಗೆ ಕೈ ಚಾಚಿದರು. ಹುಡುಗಿ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಆಂಟಿ, ಮೊದಲು ಒಳಗೆ ಬನ್ನಿ. ಬಾಗಿಲು ಹಾಕ್ಕೊಂಡು ಹತ್ತು ನಿಮಿಷ ಕೂತ್ಕೊಳ್ಳೋಣ. ಲೈಟ್ ಹಾಕಬಾರದು.”

“ನಿನಗೂ ಶುರುವಾಯ್ತಾ?” ಎಂದರು ಆಂಟಿ. ಆದರೂ ಎದ್ದರು.

ಮೂವರೂ ಕತ್ತಲಲ್ಲಿ ಕೂತರು. ಅಜ್ಜಿಗೆ ಖುಷಿಯಾಯಿತು. ಯಾರೂ ಕೂರುವುದೇ ಇಲ್ಲ, ಬರುತ್ತಲೇ ಸ್ವಿಚ್ಚು ಒತ್ತುತ್ತಾರೆ, ಊಟ ಇಡುತ್ತಾರೆ, ಹೋಗುತ್ತಾರೆ ಎಂದು ದೂರು ಹೇಳಿದರು. ಆಂಟಿಯ ಕೊರಳ ಟೇಪು ಉಸಿರಿಗೆ ಅಲುಗುವ ಸದ್ದು ಸಹ ಕೇಳುತ್ತಿತ್ತು.

ಮೆಲ್ಲಗೆ ಗೋಡೆ ಬೆಳಗಿತು. ಮೇಲೆ ರಸ್ತೆ ತೋರಿತು, ಕೆಳಗೆ ಆಕಾಶದ ಒಂದು ಪಟ್ಟಿ. ನಡುವೆ ಎದುರು ಸಾಲಿನ ಅಂಗಡಿಗಳು ಕವುಚಿ ಬಿದ್ದಂತೆ ನಿಂತವು. ಸೈಕಲ್ಲೊಂದು ಚಕ್ರ ಮೇಲೆ ಮಾಡಿಕೊಂಡು ಹೋಯಿತು. ಆಂಟಿ ಹುಡುಗಿಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳಿಕ ಅಲ್ಲಿ ಬೆರಳಿನ ಗುರುತು ಉಳಿದಿತ್ತು.

ಹುಡುಗಿ ಕೈ ಬಿಡಿಸಿಕೊಂಡು ಕಿಟಕಿಯ ಬಳಿ ಹೋದಳು. ಮರದ ಬಾಗಿಲಿನಲ್ಲಿ, ಹಿಂದೆ ಯಾವಾಗಲೋ ಚಿಲಕ ಕಿತ್ತ ಜಾಗದಲ್ಲಿ, ಮೊಳೆಯ ತೂತೊಂದು ನಕ್ಷತ್ರದಂತೆ ಉರಿಯುತ್ತಿತ್ತು. ಅದರ ಮೇಲೆ ಬೆರಳಿಟ್ಟಳು. ಇಡೀ ಬೀದಿ ಆರಿಹೋಯಿತು. ಬೆರಳು ತೆಗೆದಳು. ಬೀದಿ ಮತ್ತೆ ಬಂತು.

“ಇಷ್ಟೇನಾ?” ಎಂದರು ಆಂಟಿ. ಅವರ ದನಿ ಒಡೆದಿತ್ತು. “ಅಮ್ಮ, ಅವರೆಲ್ಲ ತಲೆಕೆಳಗಾಗಿದ್ದಾರೆ ಅಂತ ಒಂದು ಸಲ ಹೇಳಿದ್ದರೆ ನಾವು ಯೋಚನೆನಾದರೂ ಮಾಡ್ತಿದ್ದೆವಲ್ಲ.”

“ಯಾರು ತಲೆಕೆಳಗು?” ಎಂದರು ಅಜ್ಜಿ.

ಹುಡುಗಿಗೆ ಗುರುವಾರಕ್ಕಿಂತ ಹೆಚ್ಚು ಚಳಿಯಾಯಿತು. ಅಜ್ಜಿ ತಮಾಷೆ ಮಾಡುತ್ತಿರಲಿಲ್ಲ. ಗೋಡೆಯನ್ನು ಮತ್ತೊಮ್ಮೆ, ಎಚ್ಚರದಿಂದ, ಯಾರಾದರೂ ಹಾಗಿದ್ದಾರೋ ಎಂದು ಹುಡುಕುವವರಂತೆ ನೋಡಿದರು.

“ಅಜ್ಜಿ, ಆ ಬೀಗದ ಅಂಗಡಿ ಬೋರ್ಡ್ ಓದಿ,” ಎಂದಳು ಹುಡುಗಿ.

ಅಜ್ಜಿ ನೀರು ಕುಡಿದಂತೆ ಓದಿದರು. ‘ಎಲ್ಲ ಬಗೆಯ ಬೀಗ ರಿಪೇರಿ ಮತ್ತು ನಕಲಿ ಕೀಲಿ’. ಬರೆದವನಿಗೆ ಅಕ್ಷರದ ನಡುವೆ ಜಾಗ ಬಿಡಲು ಬರುವುದಿಲ್ಲ, ‘ಬೀಗ’ದ ಹತ್ತಿರ ಉಸಿರುಕಟ್ಟುತ್ತದೆ ಎಂದು ಬೈದರು. ಹುಡುಗಿ ಕತ್ತು ವಾರೆ ಮಾಡಿ, ಸೊಂಟ ಬಗ್ಗಿಸಿ ನೋಡಿದಳು. ಅವಳಿಗೆ ಒಂದು ಅಕ್ಷರವೂ ಸಿಗಲಿಲ್ಲ.

“ಅಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೀಸದ ಅಕ್ಷರ ಜೋಡಿಸ್ತಿದ್ದಳು,” ಎಂದರು ಆಂಟಿ, ತಮಗೇ ಹೇಳಿಕೊಳ್ಳುವಂತೆ. “ನಲವತ್ತು ವರ್ಷ. ಅದನ್ನ ಹೀಗೇ ಓದೋದು. ಎಡದಿಂದ ಬಲಕ್ಕೆ, ಆದರೆ ಅಕ್ಷರ ಎಲ್ಲ ಕಾಲು ಮೇಲೆ.”

“ನನಗೆ ಕಾಣೋದು ನಿಮಗೂ ಕಾಣ್ತಿದೆ ಅಂದ್ಕೊಂಡಿದ್ದೆ,” ಎಂದರು ಅಜ್ಜಿ. “ಗೋಡೆ ಎಲ್ಲರ ಎದುರಿಗೇ ಇದೆಯಲ್ಲ.” ಆಮೇಲೆ, “ಡಾಕ್ಟರ್ ಬಂದರು, ಎದ್ದು ಬಾಗಿಲು ತೆಗಿ. ಕರೀ ಬ್ಯಾಗು.”

ಗೋಡೆಯ ಮೇಲೆ ಬ್ಯಾಗು ಹಿಡಿದ ಮನುಷ್ಯನೊಬ್ಬ ಮೇಲೆ ಕಾಲು, ಕೆಳಗೆ ತಲೆಯಾಗಿ ರಸ್ತೆ ದಾಟಿದ, ದೊಡ್ಡದಾಗುತ್ತ ಬಂದ, ಅಂಚಿನಲ್ಲಿ ಮಾಯವಾದ. ಹುಡುಗಿ ಮನಸ್ಸಿನಲ್ಲೇ ಎಣಿಸಿದಳು. ಆರು ಎಣಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಡಾಕ್ಟರು ಲೈಟ್ ಹಾಕಿಸಿ, ಅಜ್ಜಿಯ ಕಣ್ಣು, ಸೊಂಟ, ನಾಡಿ ನೋಡಿದರು. ನೋಟ್‌ಬುಕ್ ಎಲ್ಲಿ ಎಂದು ಕೇಳಿದರು. ಈ ಸಲ ಹುಡುಗಿ ತಾನೇ ಕೊಟ್ಟಳು. ಮೊದಲ ಪುಟದ ನೆತ್ತಿಯಲ್ಲಿ ಬೆಳಿಗ್ಗೆ ಹೊಸದಾಗಿ ಬರೆದಿದ್ದಳು: ‘ಕೋಣೆ ಕತ್ತಲೆ. ಕಿಟಕಿಯಲ್ಲಿ ತೂತು ಇರಬಹುದು, ಶನಿವಾರ ನೋಡಬೇಕು. ಇದನ್ನೆಲ್ಲ ಬರೆದಾಗ ನನ್ನ ಕೈಯಲ್ಲಿ ಟಾರ್ಚು ಇತ್ತು. ನನಗೆ ಕಾಣಲಿಲ್ಲ ಅಷ್ಟೇ.’ ಗುರುವಾರದ ಪುಟವೂ ತುಂಬಿತ್ತು. ಓಡಿಹೋದದ್ದೂ ಅದರಲ್ಲಿತ್ತು.

ಡಾಕ್ಟರು ಹನ್ನೆರಡು ಪುಟವನ್ನೂ ಓದಿದರು. ಎದ್ದು ಹೋಗಿ ತೂತಿಗೆ ಕಣ್ಣಿಟ್ಟು ಬೀದಿ ನೋಡಿದರು. ಲೆಟರ್ ಬರೆಯಲಿಲ್ಲ. ಸೊಂಟಕ್ಕೆ ಎರಡು ವ್ಯಾಯಾಮ ಬರೆದುಕೊಟ್ಟು ಹೊರಟುಹೋದರು.

ಟೈಲರ್ ಆಂಟಿಗೆ ನಾಚಿಕೆಯೂ ಸಮಾಧಾನವೂ ಒಟ್ಟಿಗೆ ಬಂದು ಕೈ ಸುಮ್ಮನಿರಲಿಲ್ಲ. ಹೊದಿಕೆ ಕೊಡವಿದರು, ದಿಂಬು ಗುದ್ದಿದರು. ಆಚೆ ಕೋಣೆಗೆ ಹೋಗಿ ಮಿಷನ್ನನ್ನು ಗೋಡೆಗೆ ದಬ್ಬಿದರು. ಅಲ್ಲಿ ಬೀದಿಗೆ ದೊಡ್ಡ ಗಾಜಿನ ಕಿಟಕಿ ಇತ್ತು. ಹುಡುಗಿ ಅದರ ಮುಂದೆ ನಿಂತಳು. ಬೀದಿ ನೆಟ್ಟಗಿತ್ತು, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಹೋಗಿಬರುವವರೆಲ್ಲ ತಲೆ ತಿರುಗಿಸಿ ಒಳಗೆ ಇಣುಕುತ್ತಿದ್ದರು. ಬೀಗದ ಅಂಗಡಿಯವನು ಅಲ್ಲಿಂದಲೇ ಕೈ ಎತ್ತಿ, ಅಜ್ಜಿ ಹೇಗಿದ್ದಾರೆ ಎಂಬಂತೆ ಮುಖವನ್ನು ಅಯ್ಯೋ ಪಾಪ ಮಾಡಿದ. ಹುಡುಗಿ ಕಿಟಕಿಯಿಂದ ಪಕ್ಕಕ್ಕೆ ಸರಿದಳು.

“ಬಾ ಪುಟ್ಟಿ, ಮಂಚದ ಆ ಕಡೆ ಹಿಡ್ಕೋ,” ಎಂದು ಆಂಟಿ ಒಳಗಿಂದ ಕರೆದರು. “ಅಮ್ಮ, ಇನ್ನು ಈ ಗುಹೆ ಸಾಕು. ಹೊರಗಿನ ರೂಮಿನಲ್ಲಿ ಮಲಗು. ಡಾಕ್ಟರನ್ನ ಕೇಳಿ ತಂಪು ಕನ್ನಡಕ ತರಿಸ್ತೀನಿ. ಬೀದಿ ಪೂರ್ತಿ ಕಾಣುತ್ತೆ. ನೆಟ್ಟಗೆ.”

ಹುಡುಗಿ ಮಂಚದ ಕಾಲಿನ ಬಳಿ ಬಂದಳು. ಬಗ್ಗಿದಳು. ಅಜ್ಜಿಯ ಮುಖ ನೋಡಿ, ಹಿಡಿಯದೆ ಕೈ ಹಿಂದೆ ತೆಗೆದುಕೊಂಡಳು.

“ಬೇಡ,” ಎಂದರು ಅಜ್ಜಿ. “ನಾನು ಬರಲ್ಲ. ಇಲ್ಲಿ ನಾನು ಬೀದಿ ನೋಡ್ತೀನಿ, ಅಲ್ಲಿ ಬೀದಿಯೇ ನನ್ನನ್ನ ನೋಡುತ್ತೆ.”