ಭಾನುವಾರ ನುಡಿಸದ ಗಿಟಾರುಗಳು

"ದುಕಾನ ಬಂದ್ ಅದ!"

ಅವನು ತಲೆ ಕೂಡ ಎತ್ತಲಿಲ್ಲ.

ಅರ್ಧ ಎಳೆದ ಷಟರಿನ ಕೆಳಗೆ ಬಗ್ಗಿ, ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈಯಲ್ಲಿ ಕಡಿದ ಚೈನು ಹಿಡಿದು ನಿಂತಿದ್ದ ರಂಜನಾಳಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಟಯರು, ಟ್ಯೂಬುಗಳ ನಡುವೆ ಮೂವರು ಗಂಡಸರು ತೊಡೆಯ ಮೇಲೆ ಗಿಟಾರು ಇಟ್ಟುಕೊಂಡು ಕೂತಿದ್ದರು. ಗಿಟಾರು ಕೈಗೆ ಸಿಕ್ಕ ಗಂಡಸಿಗೆ ಹೊತ್ತು ಮುಳುಗಿದ್ದೇ ಕಾಣುವುದಿಲ್ಲ, ಇನ್ನು ಗಿರಾಕಿ ಎಲ್ಲಿ ಕಂಡಾಳು!

"ಬಂದ್ ಇದ್ರ ಷಟರ್ ಯಾಕ ತಗದೀರಿ?"

"ಗಾಳಿಗೆ."

"ನಾಳೆ ನಸುಕಿನಾಗ ನಾ ಸ್ಟೇಶನ್ ಮುಟ್ಟಬೇಕ್ರಿ. ದೌಂಡ ಗಾಡಿ ತಪ್ಪಿದ್ರ ನಮ್ಮ ಸಾಹೇಬಗ ನೀವು ಹೇಳ್ತೀರೇನು?"

"ಒಂದ ನಿಮಿಷ ತಡೀರಿ... ಶ್ರುತಿ ಕೂಡವಲ್ದು."

"ಹೆಂಗ ಕೂಡ್ತದ? ಎರಡನೇ ತಂತಿ ಇಳದದ. ನೀವು ಮೂರನೇದ್ದರ ಕಿವಿ ಹಿಂಡಾಕತ್ತೀರಿ!"

ಆಗ ಅವನು ತಲೆ ಎತ್ತಿದ.

ಅವಳ ಕಣ್ಣಿನ ಸುತ್ತ ದಣಿವಿನ ಕಪ್ಪು, ಕಣ್ಣೊಳಗೆ ಉರಿಯುವ ಸಿಟ್ಟು. ಕೆನ್ನೆಗೆ ಚೈನಿನ ಎಣ್ಣೆ. ಅವನು ಎರಡನೇ ತಂತಿಯನ್ನು ಬಿಗಿದ, ಒಮ್ಮೆ ಮೀಟಿದ. ಇಡೀ ಗಿಟಾರು ಸರಿಯಾಗಿ ನುಡಿಯಿತು.

"ಅರೇ! ಬಾಯಿ ಗುರು ನಿಘಾಲ್ಯಾ! ನಿನಗ ಗುರು ಸಿಕ್ಕ್ರಲೇ!" ಎಂದು ಮೂಲೆಯಿಂದ ಒಬ್ಬ ಕೂಗಿದ. ಅವನು ಕಾಳೆ, ವಿಮೆ ಏಜೆಂಟ್, ಸೊಲ್ಲಾಪುರದವನು, ಕನ್ನಡ ಮರಾಠಿ ಎರಡನ್ನೂ ಕಲಸಿಯೇ ಮಾತಾಡುವವನು. ಬಿಬವೇವಾಡಿಯ ಆ ಸೈಕಲ್ ಅಂಗಡಿಯ ಮಾಲೀಕ ಮಹಾಲಿಂಗ ಹೊಟ್ಟೆ ಹಿಡಿದು ನಗುತ್ತಿದ್ದ.

ನಗದೆ ಎದ್ದು ಬಂದವನು ತಂತಿ ಬಿಗಿದ ಮಧುಕರ ಮಾತ್ರ. ಪಂಪು ತಯಾರಿಸುವ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ, ಧಾರವಾಡದ ಕಡೆಯವನು. ಅವಳ ಕೈಯಿಂದ ಚೈನು ತೆಗೆದುಕೊಂಡು, ಮೊಣಕಾಲೂರಿ, ತಾನೇ ರಿಪೇರಿಗೆ ಕೂತ.

"ಅಂಗಡಿ ನಂದು, ಕೈ ಕರ್ರಗಾಗೂದು ಇವಂದು!" ಎಂದ ಮಹಾಲಿಂಗ. "ನೀವು ಗಿಟಾರ್ ಬಾರಸ್ತೀರೇನವಾ?"

"ಕಾಲೇಜಿನಾಗ ಬಾರಸ್ತಿದ್ದೆ. ಈಗ ಎಲ್ಲಿದ್ರಿ..."

"ಮುಂದಿನ ಐತವಾರ ತೊಗೊಂಡು ಬರ್ರಿ" ಎಂದ ಮಧುಕರ, ಚೈನಿನಿಂದ ಕಣ್ಣೆತ್ತದೆ. "ಶ್ರುತಿ ತಿಳಿಯೋರು ನಮ್ಮಾಗ ಯಾರೂ ಇಲ್ಲ."

ಅದು ತೊಂಬತ್ತೆಂಟರ ಬೇಸಿಗೆ. ರಂಜನಾಳಿಗೆ ಇಪ್ಪತ್ತೊಂಬತ್ತು.

ದೌಂಡ ಜಂಕ್ಷನ್ನಿನ ಗೂಡ್ಸ್ ಆಫೀಸಿನಲ್ಲಿ ಅವಳ ನೌಕರಿ, ಪುಣೆಯ ಬಿಬವೇವಾಡಿಯಲ್ಲಿ ತಾಯಿಯ ಜೊತೆ ಮನೆ. ಕೋಳಿ ಕೂಗುವ ಮೊದಲೇ ಎದ್ದು, ಸೈಕಲ್ ತುಳಿದು ಸ್ಟೇಶನ್ನು, ಅಲ್ಲಿಂದ ರೈಲು. ಸಂಜೆ ಮತ್ತೆ ಅದೇ ರೈಲು, ಅದೇ ಸೈಕಲ್ಲು. ಈ ಅಪ್-ಡೌನ್ ಮಾಡುವವರಿಗಷ್ಟೇ ಗೊತ್ತು ಅದರ ಕಷ್ಟ. ಮೈ ಮಲಗುತ್ತದೆ, ಮನಸ್ಸು ಮಲಗುವುದಿಲ್ಲ. ರಾತ್ರಿಯಿಡೀ ಗಡಿಯಾರ ನೋಡುತ್ತಾ ಹೊರಳಾಡುತ್ತಿದ್ದಳು. ರಜೆಯ ದಿನ ಮಲಗೋಣವೆಂದರೆ ಬಟ್ಟೆ, ಬೀಸುವುದು, ಬರುವ ಹೋಗುವ ನೆಂಟರು, ಪಕ್ಕದ ಮನೆಯ ಟೀವಿ!

ಆದರೂ ಮುಂದಿನ ಭಾನುವಾರ ಧೂಳು ಹಿಡಿದ ಗಿಟಾರು ಒರೆಸಿಕೊಂಡು ಹೋದಳು. ಯಾಕೆ ಹೋದೆ ಎಂದು ಕೇಳಿದರೆ ಶ್ರುತಿ ಕೂಡಿಸಲು ಎನ್ನುತ್ತಿದ್ದಳು. ನಮಗೆ ಗೊತ್ತು, ಹೇಳುವುದು ಬೇಡ ಬಿಡಿ.

ಒಂದು ಹಾಡಿನ ಅರ್ಧಕ್ಕೆ ಬೆರಳು ನಿಂತವು. ಟಯರಿನ ರಾಶಿಗೆ ಒರಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಎದುರಿಗೆ ಡಬ್ಬಿಗಳು ತೆರೆದಿದ್ದವು.

'ಅಯ್ಯೋ ದೇವರೇ! ಮಲಗಿಬಿಟ್ಟೆನೇ?'

"ಐದು ನಿಮಿಷ ಕಣ್ಣ ಹತ್ತಿತ್ತು ನೋಡ್ರಿ..." ಎಂದಳು, ನಾಚಿಕೆಯಿಂದ ಕುಗ್ಗುತ್ತಾ.

"ಐದೂ ಆಗಿಲ್ಲ ಬಿಡ್ರಿ" ಎಂದ ಮಧುಕರ. "ರೊಟ್ಟಿ ತಿನ್ರಿ."

ಹೀಗೆ ಶುರುವಾಯಿತು. ಪ್ರತಿ ಭಾನುವಾರ ಅವಳು ಬರುವಳು, ಒಂದೆರಡು ಮಾತು, ಆಮೇಲೆ ಅದೇ ಟಯರಿನ ರಾಶಿ, ಅದೇ 'ಐದು ನಿಮಿಷ'. ವಿಚಿತ್ರವೆಂದರೆ ಆ ಗುಂಪು ಗಿಟಾರು ನುಡಿಸುತ್ತಲೇ ಇರಲಿಲ್ಲ. ಬರೀ ಮಾತು! ಅರೆನಿದ್ದೆಯಲ್ಲಿ ಅವಳ ಕಿವಿಗೆ ಬೀಳುತ್ತಿದ್ದುದು ಇಷ್ಟೇ.

"ಇವತ್ತ ಖಾನಾವಳಿ ಝುಣಕಾಕ್ಕ ಉಪ್ಪೇ ಇರಲಿಲ್ಲ ಮಾರಾಯಾ."

"ಆ ಹೊಸಾ ತಂತಿ ತಂದ್ಯೇನು? ಬೆರಳು ಕೊಯ್ತಾವಂತ."

"ನಂದೊಂದು ಹಂಬರ್ ಸೈಕಲ್ ಇತ್ತು ನಾ, ಬ್ರೇಕ್ ಹಾಕಿದ್ರ ಕುದರಿ ನಿಂತಂಗ ನಿಲ್ತಿತ್ತು ಬಘ!"

ಊಟ, ತಂತಿ, ಹಳೆಯ ಸೈಕಲ್ಲು. ಮತ್ತೆ ಸೈಕಲ್ಲು, ತಂತಿ, ಊಟ. ಕಾಳೆಯ ಹಂಬರ್ ಸೈಕಲ್ಲಿನ ಕಥೆಗೆ ಕೊನೆಯೇ ಇರಲಿಲ್ಲ.

"ನಿಮ್ಮಂಥ ಮಾತಿನ ಮಲ್ಲರನ್ನ ನಾ ನೋಡೇ ಇಲ್ಲ" ಎಂದು ಒಮ್ಮೆ ರೇಗಿಸಿದಳು. "ಗಿಟಾರ್ ಬರೇ ತೋರಿಕಿಗೇನು?"

ಮಧುಕರ ನಕ್ಕ. ಆ ನಗು ಅವಳ ಜೊತೆ ಸೋಮವಾರದ ರೈಲು ಹತ್ತಿತು. ಮಂಗಳವಾರವೂ ಇಳಿಯಲಿಲ್ಲ. ಮೂರು ದನಿಗಳಲ್ಲಿ ಅವನದು ಯಾವುದೆಂದು ನಿದ್ದೆಯಲ್ಲೂ ತಿಳಿಯುತ್ತಿತ್ತು. ಅವಳಿಗೆ ಅವನು ಬೇಕಾಗಿದ್ದ, ಅಷ್ಟೇ. ಅದನ್ನು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ.

ದೀಪಾವಳಿ ಕಳೆದ ಮೇಲೆ ದೌಂಡದಲ್ಲಿ ಅವಳಿಗೊಂದು ರೈಲ್ವೆ ಕ್ವಾರ್ಟರ್ ಸಿಗುವ ಸುದ್ದಿ ಬಂತು.

"ಹೂಂ ಅಂದುಬಿಡ ಯವ್ವಾ" ಎಂದಳು ತಾಯಿ ಶಿವಬಸವ್ವ. "ಆಫೀಸ್ ಮುಂದನ ಮನಿ. ಈ ಗಾಡಿ ಸಂಕಟ ಇರೂದಿಲ್ಲ. ಮಾರಿ ನೋಡ್ಕೊಂಡೀಯೇನು ಕನ್ನಡ್ಯಾಗ?"

"ನೋಡೂನಂತ ತಡೀಬೇ."

'ಕ್ವಾರ್ಟರ್ ತಗೊಂಡರೆ ನಿದ್ದೆ ಸಿಗುತ್ತದೆ... ಆದರೆ ಭಾನುವಾರ?'

ಸಾಹೇಬರು ಎರಡು ಸಲ ಕೇಳಿದರು. ಅವಳು ಎರಡು ಸಲವೂ ನೆಪ ಹೇಳಿದಳು. ಬೇರೆಯವರು ಕಾಯುತ್ತಿದ್ದಾರೆ, ಈ ವಾರ ಹೇಳದಿದ್ದರೆ ಮನೆ ಕೈಬಿಟ್ಟು ಹೋಗುತ್ತದೆ ಎಂದರು ಅವರು.

ಆ ಗುರುವಾರ ತಾಯಿಯ ಕನ್ನಡಕ ತರಬೇಕೆಂದು ಬೇಗ ಹೊರಟು ಬಂದಿದ್ದಳು. ಸಂಜೆಯ ಬೆಳಕು ಇನ್ನೂ ಇತ್ತು. ಸೈಕಲ್ ಅಂಗಡಿಯ ಓಣಿಗೆ ತಿರುಗಿದವಳ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

ಗಿಟಾರು!

ಒಂದಲ್ಲ, ಮೂರು ಗಿಟಾರುಗಳು ಒಟ್ಟಿಗೆ, ಎಷ್ಟು ಚೆಂದ! ಹಾಡು ಮುಗಿಯಿತು. ಆಮೇಲೆ ಅದೇ ದನಿ, ನಿದ್ದೆಯಲ್ಲೂ ಗುರುತು ಸಿಗುವ ಅದೇ ದನಿ.

"ಇನ್ನೊಂದು ಬಾರಸೋಣು. ಐತವಾರ ರಂಜನಾ ಬರ್ತಾರ, ಅವತ್ತ ಯಾರೂ ಗಿಟಾರ್ ಮುಟ್ಟೋ ಹಂಗಿಲ್ಲ."

"ಮಾಹೀತ್ ಆಹೇ ರೇ ಬಾಬಾ, ಗೊತ್ತದ!" ಕಾಳೆಯ ನಗು.

ರಂಜನಾ ಸೈಕಲ್ಲಿನಿಂದ ಇಳಿದು ಗೋಡೆಗೆ ಸರಿದಳು.

'ನನ್ನ ಮುಂದೆ ಮುಟ್ಟುವ ಹಾಗಿಲ್ಲ... ನಾನು ಅಷ್ಟು ಕೆಟ್ಟದಾಗಿ ಬಾರಿಸುತ್ತೇನೆಯೇ? ನನ್ನನ್ನು ಬಿಟ್ಟು ಬೇರೆ ದಿನ ಕೂಡುತ್ತಾರೆ. ಪಾಪ, ಬರಬೇಡ ಎನ್ನಲು ಬಾಯಿ ಬರದೆ, ಭಾನುವಾರವಿಡೀ ಬೇಸರದಿಂದ ಏನೇನೋ ಹರಟಿ ನನ್ನನ್ನು ಸಹಿಸಿದ್ದಾರೆ!'

ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲ... ಸೈಕಲ್ ತಿರುಗಿಸಿ ಸುತ್ತು ಬಳಸಿ ಮನೆ ಸೇರಿದಳು.

ಮರುದಿನ ಸಾಹೇಬರ ಮುಂದೆ ನಿಂತು, "ಕ್ವಾರ್ಟರ್ ತೊಗೋತೀನ್ರಿ" ಎಂದಳು. ಮುಂದಿನ ಶನಿವಾರ ಕೀಲಿಕೈ ಕೊಡುವುದೆಂದಾಯಿತು.

ನಡುವಿನ ಭಾನುವಾರ ಅವಳು ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದಳು. ಒಂದು ಕ್ಷಣವೂ ರೆಪ್ಪೆ ಅಂಟಲಿಲ್ಲ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಆಫೀಸಿನಿಂದ ಹೊರಬಂದಾಗ, ಎದುರಿನ ಕಲ್ಲು ಬೆಂಚಿನ ಮೇಲೆ ಮಧುಕರ ಕೂತಿದ್ದ. ಅಂಗಿ ಮುದ್ದೆಯಾಗಿತ್ತು, ಕಣ್ಣು ಕೆಂಪಾಗಿದ್ದವು.

"ನೀವು... ಇಲ್ಲೆ?"

"ನಸುಕಿನ ಗಾಡಿಗೆ ಬಂದೆ. ಕಾಲಿಡ್ಲಿಕ್ಕೂ ಜಾಗಾ ಇರಲಿಲ್ಲ ನೋಡ್ರಿ, ನಿಂತೇ ಬಂದೆ. ಗದ್ದಲದಾಗ ನೀವು ಕಾಣಲಿಲ್ಲ, ಇಳದು ನಿಮ್ಮ ಆಫೀಸ್ ಹುಡುಕೂದರಾಗ ಸಾಕಾತು. ಆಗಿಂದ ಇಲ್ಲೇ ಕೂತೀನಿ." ಅವನು ಎದ್ದು ನಿಂತ. "ಕ್ವಾರ್ಟರ್ ತೊಗೊಂಡ್ರಂತ ನಿಮ್ಮ ಅವ್ವಾರು ಮಹಾಲಿಂಗಗ ಹೇಳಿದ್ರಂತ. ನನಗೊಂದು ಮಾತು ಹೇಳಬಾರದೇನ್ರಿ?"

"ಯಾಕ ಹೇಳಬೇಕು? ನಾ ಹೋದ್ರ ನಿಮಗ ಛಲೋನ ಆತಲ್ಲ! ಐತವಾರನೂ ಆರಾಮ ಗಿಟಾರ್ ಬಾರಸ್ರಿ."

ಅವನ ಮುಖ ಬಿಳುಚಿತು.

"ಯಾರು ಹೇಳಿದ್ರು?"

"ಯಾರೂ ಹೇಳಬೇಕಾಗಿಲ್ಲ. ಹೋದ ವಾರ ಗುರುವಾರ ಓಣ್ಯಾಗ ನಿಂತು ನಾನ ಕೇಳೀನಿ. ರಂಜನಾ ಬರ್ತಾಳ, ಗಿಟಾರ್ ಮುಟ್ಟಬ್ಯಾಡ್ರಿ... ನಾ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ರಿ. ಇಷ್ಟು ದಿನಾ ನಾಟಕ ಯಾಕ ಮಾಡಿದ್ರಿ?"

ಮಧುಕರ ಬೆಂಚಿನ ಮೇಲೆ ಧೊಪ್ಪನೆ ಕೂತ.

"ಮೊದಲನೇ ಐತವಾರ ನೀವು ಎಷ್ಟೊತ್ತು ಮಲಗಿದ್ರಿ, ಗೊತ್ತದೇನು?"

"ಐದು ನಿಮಿಷ..."

"ಎರಡು ತಾಸು, ರಂಜನಾ."

ಅವಳು ಕಣ್ಣು ಮಿಟುಕಿಸಿದಳು.

"ನಡುವ ಕಾಳೆ ಒಂದು ತಂತಿ ಮೀಟಿದ. ಒಂದs ತಂತಿ! ನೀವು ಬೆಚ್ಚಿಬಿದ್ದು, 'ಗಾಡಿ ಹೋತೇನು?' ಅಂದ್ರಿ. ಕಣ್ಣ ಸುದ್ದಾ ತೆರೀಲಿಲ್ಲ. ಕೈ ಹಂಗ ಚೀಲಾ ಹುಡಕ್ತಿತ್ತು." ಅವನು ತನ್ನ ಕೈಯಿಂದ ಹಾಗೆಯೇ ಬೆಂಚು ತಡವಿ ತೋರಿಸಿದ. "ನಾನs ಹೇಳಿದೆ, ಇನ್ನ ಇವರು ಇದ್ದಾಗ ಗಿಟಾರ್ ಬ್ಯಾಡ ಅಂತ. ಸುಮ್ಮ ಕೂತು ನೋಡಿದ್ವಿ. ಸುಮ್ಮ ಕೂತ್ರೂ ನಿಮಗ ಎಚ್ಚರ ಆಗ್ತದ! ಗಾಡಿ ನಿಂತ್ರ ಮಲಗಿದವ್ರಿಗೆ ಎಚ್ಚರ ಆಗೂದಿಲ್ಲೇನು, ಹಂಗ. ಮಾತು ನಡದಿರಬೇಕು, ಅದೂ ಸಣ್ಣ ದನ್ಯಾಗ. ಏನು ಮಾತಾಡೂದ್ರಿ, ತಾಸುಗಟ್ಟಲೆ? ಊಟದ್ದು ಮಾತಾಡಿದ್ವಿ, ತಂತೀದು ಮಾತಾಡಿದ್ವಿ..."

"ಸೈಕಲ್ಲು?"

"ಕಾಳೆ ಜನ್ಮದಾಗ ಹಂಬರ್ ಸೈಕಲ್ ಇಟ್ಟವನs ಅಲ್ಲ! ಮಾತು ಖಾಲಿ ಆದಾಗೆಲ್ಲ ಅದನ್ನ ಹುಟ್ಟಿಸಿಕೊಂಡು ಹೇಳ್ತಿದ್ದ."

ರಂಜನಾ ನಗಲು ಹೋದಳು. ನಗುವಿನ ಬದಲು ಅಳು ಬಂತು. ಗುರುವಾರ ಬಾರದ ಅಳು, ವರ್ಷಗಳಿಂದ ಬಾರದ ಅಳು, ಪ್ಲಾಟ್‌ಫಾರಮ್ಮಿನ ಹಮಾಲರು ತಿರುಗಿ ನೋಡುವ ಹಾಗೆ ಬಂತು. ಬೆಂಚಿನ ಇನ್ನೊಂದು ತುದಿಗೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತನ್ನ ನಿದ್ದೆಗೆ ಜಗತ್ತಿನಲ್ಲಿ ಯಾರಾದರೂ ಕಾವಲು ಕೂತಾರು ಎಂದು ಅವಳು ಎಂದೂ ಎಣಿಸಿರಲಿಲ್ಲ.

"ಹೇಳಬೇಕಿತ್ತಲ್ಲರಿ ನನಗ..."

"ಹೇಳಿದ್ರ ನೀವು ನಾಚಿಕೊಂಡು ಬರೂದs ಬಿಡ್ತಿದ್ರಿ. ಮಹಾಲಿಂಗಗೂ ಕಾಳೆಗೂ ಆಣಿ ಹಾಕಿಸಿದ್ದೆ."

ಮಾಲುಗಾಡಿಯೊಂದು ನಿಧಾನವಾಗಿ ಹಾದುಹೋಯಿತು.

"ಇಷ್ಟು ತಿಂಗಳು ನಾ ಮಲಗಿದಾಗ ಮಾತಾಡೀರಿ" ಎಂದಳು ರಂಜನಾ, ಕಣ್ಣೊರೆಸಿಕೊಂಡು. "ಎಚ್ಚರ ಇದ್ದಾಗ ಯಾಕ ಏನೂ ಹೇಳಲಿಲ್ಲ?"

"ಹೆದರಿಕಿ."

"ಏನು ಹೆದರಿಕಿ?"

"ರಾತ್ರಿಗೆ ಬರೇ ಮೂರು ತಾಸು ನಿದ್ದಿ ಮಾಡೋ ಹುಡುಗಿಗೆ ಇನ್ನೊಂದು ಚಿಂತಿ ಯಾಕ ಹಚ್ಚಬೇಕು ಅಂತ..." ಅವನು ಕೈಬೆರಳು ನೋಡಿಕೊಂಡ. "ಈಗ ಹೇಳ್ತೀನಿ. ನೀವು ನನಗ ಬೇಕು, ರಂಜನಾ. ಹೋದ ಐತವಾರ ಆ ಟಯರ್ ರಾಶಿ ಖಾಲಿ ಇತ್ತು. ನಾವು ಮೂರೂ ಮಂದಿ ಗಿಟಾರ್ ಹಿಡಕೊಂಡು ಕೂತ್ವಿ, ಯಾರ ಕೈಯೂ ಏಳಲಿಲ್ಲ. ನನ್ನ ಲಗ್ನಾ ಆಗ್ತೀರೇನು?"

ಈ ಮಾತಿಗೆ ಅವಳು ಎಷ್ಟು ರೈಲು ಹತ್ತಿ ಇಳಿದು ಕಾದಿದ್ದಳು! ಆದರೆ ಆ ಕೂಡಲೇ ನೆನಪಾಯಿತು.

"ಕೀಲಿಕೈ ಇವತ್ತs ಕೊಡ್ತಾರ್ರಿ" ಎಂದಳು ಮೆಲ್ಲಗೆ. "ಬ್ಯಾಡ ಅಂದ್ರ ಮತ್ತ ಸಿಗೂದಿಲ್ಲ. ಬೇಕಂದ್ರ ನೀವು ಅಲ್ಲೆ, ನಾ ಇಲ್ಲೆ. ಪುಣೆಕ್ಕ ಬಂದು ಸಂಸಾರ ಮಾಡ್ತೀನಿ ಅನ್ನಾಕ ಬಾಯಿ ಬರವಲ್ದು. ಈ ಗಾಡಿ ಇನ್ನ ನನ್ನ ಕೈಲೆ ಆಗೂದಿಲ್ಲ, ಮಧುಕರ. ಖರೇನ ಆಗೂದಿಲ್ಲ..."

"ಹೋಗಿ ಕೀಲಿಕೈ ಇಸ್ಕೋರಿ."

"ಅಂದ್ರ?"

"ನಾ ಇಲ್ಲಿಗೆ ಬರ್ತೀನಿ. ಅಪ್-ಡೌನ್ ನಾ ಮಾಡ್ತೀನಿ."

"ನಿಮಗ ಗೊತ್ತಿಲ್ಲ ಅದು ಏನಂತ!"

"ಇವತ್ತ ಗೊತ್ತಾತಲ್ಲ. ಕಾಲು ಇನ್ನೂ ನೋಯ್ಲಿಕತ್ತಾವ." ಅವನು ದಣಿದ ಮುಖದಲ್ಲೇ ನಕ್ಕ. "ನೀವು ಇಷ್ಟು ವರ್ಷ ಮಾಡೀರಿ. ಇನ್ನ ಸ್ವಲ್ಪ ವರ್ಷ ನನ್ನ ಪಾಳಿ. ಆಮ್ಯಾಲೆ ಏನಾರ ದಾರಿ ಆಗ್ತದ."

"ಒಂದs ಖೋಲಿ, ಒಂದು ಅಡಿಗಿಮನಿ. ಅವ್ವಾನೂ ಇರ್ತಾಳ."

"ಅವ್ವಾರ ರೊಟ್ಟಿ ಸಿಕ್ಕರ ನಾ ಅಡಿಗಿಮನ್ಯಾಗs ಮಲಗ್ತೀನಿ."

ಆಫೀಸಿನ ಬಾಗಿಲಲ್ಲಿ ಸಿಪಾಯಿ ಬಂದು ನಿಂತು, ಸಾಹೇಬರು ಕೀಲಿಕೈ ಹಿಡಿದು ಕರೆಯುತ್ತಿದ್ದಾರೆ ಎಂದು ಮರಾಠಿಯಲ್ಲಿ ಕೂಗಿದ. ರಂಜನಾ ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. ಸುತ್ತಲೂ ಜನ. ಆದರೂ ಅವನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು.

"ನಸುಕಿನ ಗಾಡಿಗೆ ಏಳಬೇಕಾಗ್ತದ, ದಿನಾ."

"ಏಳ್ತೀನಿ."

"ನಾ ಎಬ್ಬಸೂದಿಲ್ಲ ನೋಡ್ರಿ. ನಾ ಮಲಗಿರ್ತೀನಿ!"

"ಮಲಗ್ರಿ, ರಂಜನಾ" ಎಂದ ಅವನು, ಅವಳ ಬೆರಳುಗಳನ್ನು ಬಿಡದೆ. "ನಾ ಸಪ್ಪಳಾ ಮಾಡದs ಹೋಗ್ತೀನಿ."