ಈ ಫೋಟೋಗೆ ಟಚ್‌ಅಪ್ ಬೇಡ

"ಈ ಮುಖ ಇಟ್ಕೊಂಡು ಫೋಟೋ ತೆಗೆಸ್ಕೋತೀಯಾ?!"

ಸ್ಟುಡಿಯೋದ ಬಾಗಿಲಲ್ಲೇ ಅವಳನ್ನು ನೋಡಿ ಕೂಗಿದರು ದೊಡ್ಡಮ್ಮ. ಹುಡುಗನ ದೊಡ್ಡಮ್ಮ. ಆ ಮನೆಯಲ್ಲಿ ಅವರು ಹಾಕಿದ ಗೆರೆ ದಾಟುವವರಿಲ್ಲ.

ಅವರ ಹಿಂದೆ ಅವನು ನಿಂತಿದ್ದ. ಲಿಫ್ಟ್ ರಿಪೇರಿ ಮಾಡುವವನು, ಬರುವ ತಿಂಗಳು ಅವಳ ಗಂಡನಾಗುವವನು. ಒಳಗೆ ಬಂದರೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.

ಅವಳು ಆ ಕನ್ನಡಕವನ್ನೇ ನೋಡಿದಳು. ನನ್ನ ಮುಖ ನೋಡೋಕೂ ಆಗ್ತಿಲ್ವಾ ಇವರಿಗೆ...?

ಮೊನ್ನೆ ಸಂಜೆ ಇಬ್ಬರೂ ಮೊದಲ ಸಲ ಒಟ್ಟಿಗೆ ಸುತ್ತಾಡಿದ್ದರು. "ಈ ಗಾಡಿ ತಿಂಡಿ ತಿಂದು ನೋಡಿ, ನಾನು ಗ್ಯಾರಂಟಿ!" ಎಂದು ಅವನೇ ತಟ್ಟೆ ಮೇಲೆ ತಟ್ಟೆ ತಂದುಕೊಟ್ಟಿದ್ದ. ಮನೆಗೆ ಬಂದವಳು ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡಳು. ಬೆಳಿಗ್ಗೆ ನೋಡಿದರೆ ಕಣ್ಣಿನ ಸುತ್ತ, ಕೆನ್ನೆಯ ಮೇಲೆ ಕೆಂಪು ಚುಕ್ಕಿಗಳು!

"ವಾಂತಿಯ ಬಿರುಸಿಗೆ ಸಣ್ಣ ರಕ್ತನಾಳಗಳು ಒಡೆದಿವೆ. ಕೆಲವು ದಿನದಲ್ಲಿ ಚುಕ್ಕಿ ತಾನಾಗೇ ಹೋಗುತ್ತೆ," ಎಂದಿದ್ದರು ಡಾಕ್ಟರ್. ಅವನಿಗೆ ಫೋನ್ ಮಾಡಿದರೆ ಅವನು ಎತ್ತಲೇ ಇಲ್ಲ.

ದೊಡ್ಡಮ್ಮ ಈಗ ಒಳಗೇ ಬಂದರು. "ಮದುವೆ ಫೋಟೋದಲ್ಲಿ ಇದನ್ನ ನಮ್ಮ ಕಡೆಯವರು ನೋಡಿದ್ರೆ ಏನೋ ರೋಗ ಮುಚ್ಚಿಟ್ಟಿದಾರೆ ಅಂತಾರೆ. ಇಲ್ಲಿ ಟಚ್‌ಅಪ್ ಮಾಡೋಳು ನೀನೇ ತಾನೇ? ಅಳಿಸ್ಬಿಡು!"

ನಿಜ. ಓನರ್ ಕೂಡ ಅವಳನ್ನು 'ಟಚ್‌ಅಪ್' ಎಂದೇ ಕರೆಯುತ್ತಿದ್ದರು. ಜನರ ಮೊಡವೆ, ಮಚ್ಚೆ, ಹೊಲಿಗೆಯ ಗುರುತು... ಕಂಪ್ಯೂಟರ್ ಮುಂದೆ ಕೂತು ಅಳಿಸುವುದೇ ಅವಳ ಕೆಲಸ. ಹಾಗೆ ಅಳಿಸಿಕೊಂಡು ಹೋದವರಿಗೆ ಮನೆಯ ಕನ್ನಡಿಯಲ್ಲಿ ಯಾರು ಕಾಣುತ್ತಾರೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

"ಅಳಿಸಲ್ಲ ದೊಡ್ಡಮ್ಮ."

"ಏನಂದೆ?!"

"ನಾನೇನು ಕದ್ದು ಸಿಕ್ಕಿಬಿದ್ದಿಲ್ಲ, ವಾಂತಿ ಮಾಡ್ಕೊಂಡೆ ಅಷ್ಟೇ. ಪೌಡರೂ ಹಚ್ಚಲ್ಲ, ಫೋಟೋನ ಮುಂದಕ್ಕೂ ಹಾಕಲ್ಲ. ಇವತ್ತು ಈ ಮುಖ ಬೇಡ ಅನ್ನೋರು, ನಾಳೆ ನಾನು ಹಾಸಿಗೆ ಹಿಡಿದ್ರೆ ಹತ್ರ ಬರ್ತಾರಾ?"

ಓನರ್ ಒರೆಸಿದ ಕ್ಯಾಮೆರಾವನ್ನೇ ಮತ್ತೆ ಒರೆಸತೊಡಗಿದರು.

ಅವಳು ನೇರವಾಗಿ ಅವನ ಎದುರಿಗೆ ಹೋಗಿ ನಿಂತಳು. ಅವನು ಅವಳಿಗೆ ಇಷ್ಟವಾಗಿದ್ದ, ತುಂಬಾ. ಆದರೂ...

"ನೀವು ಹೇಳಿ. ಅಳಿಸ್ಬೇಕಾ? ಹೂಂ ಅಂದ್ರೆ ಈ ಮದುವೆ ಇಲ್ಲಿಗೇ ನಿಲ್ಲಲಿ!"

ಅವನ ಕೈ ಕನ್ನಡಕದ ಕಡೆ ಹೋಯಿತು.

"ಅವನನ್ನೇನು ಕೇಳ್ತೀಯ? ಪಾಪ, ಅವನಿಗೇ ಕಣ್ಣು ಬಂದಿದೆ," ಎಂದರು ದೊಡ್ಡಮ್ಮ.

"ಕಣ್ಣು ಬಂದಿಲ್ಲ ದೊಡ್ಡಮ್ಮ..."

ಅವನು ಕನ್ನಡಕ ತೆಗೆದ. ರೆಪ್ಪೆಯ ಮೇಲೆ, ಕಣ್ಣಿನ ಕೆಳಗೆ... ಅವೇ ಕೆಂಪು ಚುಕ್ಕಿಗಳು!

"ನಾನೂ ಅದನ್ನೇ ತಿಂದೆ, ಎರಡು ತಟ್ಟೆ ಜಾಸ್ತೀನೇ. ನೀವು ಬೇಡ ಅಂದಿದ್ದ ಗಾಡಿ, ಅದಕ್ಕೇ ಸುಳ್ಳು ಹೇಳಿದೆ. ರೋಗ ಅನ್ನೋದಾದ್ರೆ ಇಬ್ಬರಿಗೂ ಅನ್ನಿ."

ದೊಡ್ಡಮ್ಮ ಅವನ ಮುಖ ನೋಡಿದರು, ಅವಳ ಮುಖ ನೋಡಿದರು. "ಸರಿಹೋಯ್ತು! ಒಳ್ಳೇ ಜೋಡಿ," ಎಂದು ಗೊಣಗುತ್ತಾ ಕುರ್ಚಿಯಲ್ಲಿ ಕೂತುಬಿಟ್ಟರು.

ಅವಳಿಗೆ ನಗು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

"ನಾನೊಬ್ಬಳೇ ಬೈಸ್ಕೋತಿದ್ರೆ ನೀವು ಕನ್ನಡಕದ ಹಿಂದೆ ಅಡಗಿದ್ರಾ?"

"ತಪ್ಪಾಯ್ತು. ಹತ್ತನೇ ಮಹಡಿ ಲಿಫ್ಟ್ ಮೇಲೆ ನಿಂತು ಕೆಲಸ ಮಾಡೋನು ನಾನು, ನಿಮ್ಮ ಫೋನ್ ಎತ್ತೋಕೆ ಹೆದರಿದೆ. ಹಾಳು ತಿಂಡಿ ತಿನ್ನಿಸಿದವನು ಬೇಡ ಅಂದ್ಬಿಟ್ರೆ...? ನಂಗೆ ನೀವು ಬೇಕು ರೀ. ಚುಕ್ಕಿ ಸಮೇತ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳದೆ ಹಾಗೇ ಹೋಗಿ ದೀಪಗಳ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಅವನು ಪಕ್ಕದಲ್ಲಿ ಬಂದು ಕೂತ.

"ಟಚ್‌ಅಪ್, ಆಮೇಲೆ ಸ್ವಲ್ಪನಾದ್ರೂ..." ಎಂದರು ಓನರ್.

"ಒಂದು ಚುಕ್ಕೀನೂ ಮುಟ್ಟಲ್ಲ ಸಾರ್. ತೆಗೀರಿ!"

ಫ್ಲ್ಯಾಶ್ ಮಿಂಚಿತು.

"ಇನ್ನು ಯಾವತ್ತಾದ್ರೂ ಗ್ಯಾರಂಟಿ ಕೊಡ್ತೀರಾ?" ಅವಳು ಪಿಸುಗುಟ್ಟಿದಳು.

"ತಿಂಡಿಗೆ ಕೊಡಲ್ಲ... ನನ್ನ ಬಗ್ಗೆ ಮಾತ್ರ ಕೊಡ್ತೀನಿ."

"ಹಾಗಿದ್ರೆ ಮೊದಲು ಆ ಕನ್ನಡಕ ಇಲ್ಲಿ ಕೊಡಿ."

ಅವನು ಕೊಟ್ಟ. ಅವಳು ಅದನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.