ಹುಣಸೆಮಡುವಿನ ಕಟ್ಟು

"ಆ ಮಡುವಿಗೆ ಹೋಗಬ್ಯಾಡ, ತಮ್ಮಾ. ಅದನ್ನ ಮಂತ್ರ ಹಾಕಿ ಕಟ್ಟಿಸ್ಯಾರ," ಎಂದಳು ಶಂಕ್ರವ್ವ.

ಮಾಳಪ್ಪ ನಕ್ಕುಬಿಟ್ಟ. ಹುಬ್ಬಳ್ಳಿಯ ರೈಲು ಕಾರ್ಖಾನೆ ಸೇರಿದ ಹದಿನಾಲ್ಕು ವರ್ಷಗಳ ಮೇಲೆ, ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಮೋಟಾರು ಬಸ್ಸಿನಲ್ಲಿ ಹಾನಗಲ್ಲಿಗೆ ಬಂದಿಳಿದು, ಒಂದು ಹರದಾರಿ ನಡೆದು ಅಕ್ಕನ ಮನೆ ಸೇರಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಧರ್ಮಾ ನದಿಯ ಹುಣಸೆಮಡುವಿನಲ್ಲಿ ಅವನು ಗಾಳ ಹಾಕಿ ತಂದ ಮೀನು ಎಷ್ಟೋ ದಿನ ಇಬ್ಬರ ಹೊಟ್ಟೆ ತುಂಬಿಸಿತ್ತು. ಕಬ್ಬಿಣದ ಸದ್ದಿನ ನಡುವೆ ಅವನಿಗೆ ನೆನಪಾಗುತ್ತಿದ್ದುದು ಆ ಮಡುವಿನ ತಣ್ಣನೆಯ ಬಂಡೆ.

ಶಂಕ್ರವ್ವ ದನಿ ತಗ್ಗಿಸಿ ನಡೆದದ್ದನ್ನು ಹೇಳಿದಳು. ಮೂರು ವರ್ಷದ ಹಿಂದೆ ಅದೇ ಊರಿನ ಭರಮವ್ವನ ಒಬ್ಬನೇ ಮಗ ಅಲ್ಲಿ ಜಾರಿ ಬಿದ್ದು ಮುಳುಗಿ ಸತ್ತಿದ್ದ. ಮೀನು ಹಿಡಿಯುತ್ತಿದ್ದವರು ಸುಳಿಗೆ ಹೆದರಿ ನೀರಿಗಿಳಿಯದೆ, ಗಾಳ ಸುತ್ತಿಕೊಂಡು ಮನೆಗೆ ಹೋಗಿದ್ದರು. ಭರಮವ್ವ ತಡಸ ಊರಿನಾಚೆಯಿಂದ ಒಬ್ಬ ಮಂತ್ರವಾದಿಯನ್ನು ಕರೆತಂದಳು. ಪೂಜೆ ಮುಗಿದ ದಿನ ಊರ ನಡುವೆ ನಿಂತು ಹೇಳಿದ್ದಳು: "ಇನ್ನ ಅಲ್ಲಿ ಮೀನ ಹಿಡದವ್ರನ್ನ ಮಡು ಬಿಡೂದಿಲ್ಲ. ಅವ್ರ ಬದ್ಲಿ ಇನ್ನೊಬ್ರು ತಾವಾಗೇ ನೀರಿಗಿಳದ್ರ ಅಷ್ಟ ಬಿಡತೈತಿ." ಅಂದಿನಿಂದ ಯಾರೂ ಅತ್ತ ಸುಳಿದಿರಲಿಲ್ಲ.

"ಹಂಗಾರ ಮೀನ ಭಾಳ ಬೆಳದಿರ್ತಾವ," ಎಂದು ಮಾಳಪ್ಪ ಬಿದಿರಿನ ಗಾಳ ಹಿಡಿದು ಹೊರಟ.

ಮಡು ಹಾಗೆಯೇ ಇತ್ತು. ಬಾಗಿದ ಹುಣಸೆಮರ, ಅದರ ಕೆಳಗೆ ಅದೇ ಬಂಡೆ, ನಡುಹಗಲಲ್ಲೂ ಕಪ್ಪಾದ ನೀರು. ಆದರೆ ಗಾಳಿಯಲ್ಲಿ ಸುಟ್ಟ ಕೂದಲಿನ ವಾಸನೆಯಿತ್ತು. ಮರಕ್ಕೆ ಸುತ್ತಿದ ಕರಿದಾರದಲ್ಲಿ ಮೊಳೆ ಹೊಡೆದ ನಿಂಬೆಹಣ್ಣುಗಳು ಒಣಗಿ ತೂಗುತ್ತಿದ್ದವು. ಮಾಳಪ್ಪ ದಾರ ಹರಿದು ನೀರಿಗೆ ಎಸೆದ. ಎರೆಹುಳು ಚುಚ್ಚಿ ಗಾಳ ಬಿಟ್ಟ.

ಹುಳು ಮುಳುಗುವ ಮೊದಲೇ ಮೀನು ಕಚ್ಚಿತು. ಮೊಳದುದ್ದದ ಕಪ್ಪು ಮೀನು. ಬಂಡೆಯ ಮೇಲೆ ಅದು ಒದ್ದಾಡಲಿಲ್ಲ. ಸುಮ್ಮನೆ ಅವನನ್ನೇ ನೋಡುತ್ತ ಬಿದ್ದಿತ್ತು. ಹಕ್ಕಿಗಳ ಸದ್ದು ನಿಂತಿತು. ಹೊಳೆಯ ಸದ್ದೂ ನಿಂತಿತು.

ಅವನು ಎದ್ದು ಕಾಲುದಾರಿ ಹಿಡಿದ. ಬಿದಿರುಮೆಳೆ ದಾಟಿದರೆ ಜೋಳದ ಹೊಲ ಬರಬೇಕು. ಬಂದದ್ದು ಮಡು. ದಿಕ್ಕು ತಪ್ಪಿರಬೇಕೆಂದು ಮತ್ತೆ ನಡೆದ. ಮತ್ತೆ ಮಡು. ಮೀನನ್ನು ನೀರಿಗೆ ಬಿಟ್ಟು ಹೊಳೆಯಂಚು ಹಿಡಿದು ಓಡಿದ. ಮುಳ್ಳುಗಳು ಮೈ ಗೀರಿದವು. ಎದುರಿಗೆ ಅದೇ ಬಂಡೆ. ಈಜಿ ಆಚೆ ದಡ ಹತ್ತಿದ. ಕಾಲಿಗೆ ಸಿಕ್ಕಿದ್ದೂ ಅದೇ ಬಂಡೆ.

ಸುಟ್ಟ ವಾಸನೆ ಗಂಟಲಿಗೆ ಇಳಿಯತೊಡಗಿತು. ಹೊತ್ತು ಇಳಿಯಿತು. ಬಂಡೆಯ ಕೆಳಗೆ ನೀರು ಮೇಲೆದ್ದು ತಗ್ಗುತ್ತಿತ್ತು. ಯಾರೋ ಉಸಿರಾಡಿದ ಹಾಗೆ. ಪಾದ ಮುಳುಗಿತು. ಮೊಣಕಾಲು ಮುಳುಗಿತು. ಕಾಲು ಎತ್ತಲು ನೋಡಿದ. ಆಗಲಿಲ್ಲ.

ಆಗ ಬಿದಿರುಮೆಳೆಯ ಬಳಿ ಶಂಕ್ರವ್ವ ಕಾಣಿಸಿದಳು. ಊಟಕ್ಕೆ ಬಾರದ ತಮ್ಮನನ್ನು ಹುಡುಕಿ ಬಂದಿದ್ದಳು. ಅವಳ ಹಿಂದೆ ಜೋಳದ ಹೊಲ ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳನ್ನು ಹಿಂದಕ್ಕೆ ಕಳಿಸಬೇಕೆಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ. ನೀರು ಎದೆಗೆ ತಾಗಿತು.

"ಅಕ್ಕಾ, ನನ್ನ ಬಿಡಸ," ಎಂದ.

ಶಂಕ್ರವ್ವ ಅವನನ್ನೇ ನೋಡುತ್ತ ಒಂದು ಗಳಿಗೆ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು.

ಅವನ ಕಾಲು ಸಡಿಲವಾಯಿತು. ಓಡಿದ. ಮೆಳೆ ದಾಟಿದ. ಹೊಲ ಬಂತು. ಹಿಂದೆ ಒಂದು ಸದ್ದೂ ಕೇಳಲಿಲ್ಲ.

ಊರವರು ಮರುದಿನ ಸಂಜೆಯವರೆಗೂ ಮಡುವನ್ನು ಜಾಲಾಡಿದರು. ನೀರು ಶಾಂತವಾಗಿತ್ತು. ಶಂಕ್ರವ್ವನ ದೇಹ ಸಿಗಲಿಲ್ಲ. ಅಕ್ಕ ಕಾಲು ಜಾರಿ ಬಿದ್ದಳೆಂದು ಮಾಳಪ್ಪ ಎಲ್ಲರಿಗೂ ಹೇಳಿದ.

ಜನ ಚದುರಿದ ಮೇಲೆ ಭರಮವ್ವ ಬಂದು ಅವನೆದುರು ಕುಳಿತಳು. ಮೆಲ್ಲಗೆ ಕೇಳಿದಳು: "ನೀನ ಕರದಿ, ಹೌದಿಲ್ಲೋ?"

"ಅಕಿ ತಾನಾಗೇ ಇಳದ್ಲು," ಎಂದ ಮಾಳಪ್ಪ.

ಆ ಮಾತು ಸುಳ್ಳಾಗಿರಲಿಲ್ಲ. ಆದರೂ ಅದನ್ನು ಹೇಳುವಾಗ ಅವನಿಗೆ ಭರಮವ್ವನ ಮುಖ ನೋಡಲಾಗಲಿಲ್ಲ.